ರೇವಪ್ಪ ಬಿಟ್ಟ ಜಾಗ

ಬಹಳ ಹಿಂದೆ, ನಮ್ಮ ಮುತ್ತಜ್ಜನಿಗೆ ಇನ್ನೂ ಮೀಸೆ ಚಿಗುರದ ಕಾಲದಲ್ಲಿ, ಡೋಣಿ ಹೊಳೆಯ ದಂಡೆಗೆ ಒಂದು ಊರಿತ್ತು. ಬೇರೆ ಯಾವುದೂ ಅಲ್ಲ, ನೀವೀಗ ಕೂತಿದ್ದೀರಲ್ಲ, ಇದೇ ಊರು. ಇಲ್ಲಿ ರೇವಪ್ಪ ಅಂತ ಒಬ್ಬ ಭಜನೆಯ ಹಾಡುಗಾರ ಇದ್ದ. ಬರೀ ರೇವಪ್ಪ ಅಂದರೆ ಸಾಲದು, ರೇವಪ್ಪ ಮತ್ತು ದಸ್ತಗೀರಸಾಬ ಅನ್ನಬೇಕು. ಒಂದು ಹೆಸರು ಹೇಳಿ ಸುಮ್ಮನಾದರೆ ನಮ್ಮ ಜನ ಈಗಲೂ ಇನ್ನೊಂದು ಹೆಸರಿಗೆ ಕಾಯುತ್ತಾರೆ.

ಸೋಮವಾರಕ್ಕೊಮ್ಮೆ ಊರ ಮಠದಲ್ಲಿ ಭಜನೆ, ಅಲ್ಲಿ ಅವರು ಹಾಡುವ ರೀತಿ ಹೀಗಿತ್ತಂತೆ. ರೇವಪ್ಪ ಸಾಲು ಎತ್ತುವುದು, ಅದರ ಕೊನೆಯ ತುಂಡನ್ನು ಹಾಡದೆ ಬಿಡುವುದು. ಆ ತುಂಡಿಗೆ ಸೊಲ್ಲು ಅಂತಾರೆ. ಅದನ್ನು ಹಿಡಿಯುವ ಕೆಲಸ ದಸ್ತಗೀರನದು. ‘ಅಂಗಳಕ ಬಂದ ಸಂಗಾತೀನ’ ಅಂತ ರೇವಪ್ಪ ಬಿಟ್ಟರೆ, ‘ಒಳಗ ಕರಿಯವ್ವ’ ಅಂತ ದಸ್ತಗೀರ ಮುಗಿಸುತ್ತಿದ್ದ. ಒಮ್ಮೆ ಚುಟುಕಾಗಿ ಮುಗಿಸುತ್ತಿದ್ದ, ಒಮ್ಮೆ ಎಳೆದೆಳೆದು ಮುಗಿಸುತ್ತಿದ್ದ. ಅವನು ಹೇಗೆ ಮುಗಿಸಿದನೋ ಅದನ್ನು ನೋಡಿ ರೇವಪ್ಪ ಮುಂದಿನ ಸಾಲು ಕಟ್ಟುತ್ತಿದ್ದ. ಹೋದ ಸೋಮವಾರದ ಹಾಡು ಈ ಸೋಮವಾರ ಇರುತ್ತಿರಲಿಲ್ಲ. ಹಾಡು ಎತ್ತ ಹೋಗುತ್ತದೆ ಅಂತ ಹಾಡುವವರಿಗೇ ಗೊತ್ತಿರುತ್ತಿರಲಿಲ್ಲವಂತೆ.

ಒಂದು ಸಲ ಮಠದಲ್ಲಿ ಭಜನೆ ಶುರುವಾಗಿದೆ, ದಸ್ತಗೀರ ಇನ್ನೂ ಎಮ್ಮೆ ಮೈತೊಳೆಯಲು ಹೊಳೆಗೆ ಹೋದವನು ಬಂದಿಲ್ಲ. ರೇವಪ್ಪ ಸಾಲು ಎತ್ತಿ, ಸೊಲ್ಲು ಬಿಟ್ಟು, ಕಣ್ಣು ಮುಚ್ಚಿ ಕೂತನಂತೆ. ಸ್ವಲ್ಪ ಹೊತ್ತಿಗೆ ಹೊಳೆಯಿಂದಲೇ ‘ಒಳಗ ಕರಿಯವ್ವ’ ಅಂತ ಕೇಳಿ ಬಂತಂತೆ. ನಮ್ಮಜ್ಜಿ ಹೇಳುವಾಗ ಇದು ಹೊಳೆಯ ಈ ದಂಡೆ. ನಮ್ಮಪ್ಪ ಹೇಳುವಾಗ ಆಚೆ ದಂಡೆ. ನನ್ನ ಮೊಮ್ಮಕ್ಕಳು ಸೊಲ್ಲಾಪುರದಿಂದ ಕೇಳಿ ಬಂತು ಅಂದರೆ ನನ್ನನ್ನು ಬೈಯಬೇಡಿ.

ಹೀಗಿರುವಾಗ ಚಕ್ಕಡಿಯಲ್ಲಿ ಒಂದು ಪೆಟ್ಟಿಗೆ ಬಂತು. ಪೆಟ್ಟಿಗೆಗೆ ಧತ್ತೂರದ ಹೂವಿನಂಥ ಬಾಯಿ. ಅದರ ಮುಂದೆ ಹಾಡಿದರೆ ಹಾಡು ಪ್ಲೇಟಿನಲ್ಲಿ ಕೂರುತ್ತದೆ, ಸತ್ತ ಮೇಲೂ ಹಾಡುತ್ತದೆ ಅಂದರು. ಪ್ಲೇಟಿನ ಕಂಪನಿಯಿಂದ ಪೆಟ್ಟಿಗೆ ತಂದ ರಾಯರು ಕೆಟ್ಟವರೇನಲ್ಲ. ರೇವಪ್ಪನ ದನಿ ಕೇಳಿ ಮಠದ ಕಟ್ಟೆಯ ಮೇಲೆ ಕೂತು ಅತ್ತರಂತೆ. ಆದರೆ ಪೆಟ್ಟಿಗೆಗೆ ಅದರದೇ ಹಟ. ಎಲೆ ಅಡಿಕೆ ಹಾಕಿ ಅಗಿದು ಮುಗಿಸುವುದರೊಳಗೆ ಹಾಡು ಮುಗಿಯಬೇಕು. ಎರಡನೆಯದು, ದಸ್ತಗೀರ ಬಾಯಿ ತೆಗೆದ ಕೂಡಲೇ ಹಾಡು ಕೊರೆಯುವ ಮುಳ್ಳು ಎಗರಿ ಪ್ಲೇಟು ಕೆಡುತ್ತಿತ್ತು, ಅಷ್ಟು ದೊಡ್ಡ ದನಿ ಅವನದು. ಅವನನ್ನು ಮಠದ ಅಂಗಳದ ಬೇವಿನ ಮರದ ಕೆಳಗೆ ಕೂರಿಸಿದರು.

ರೇವಪ್ಪ ಒಬ್ಬನೇ ಹಾಡಿದ. ಸಾಲು ಎತ್ತಿ ಅಭ್ಯಾಸದಂತೆ ನಿಂತ. ನಿಲ್ಲಬಾರದು ಅಂದರು ರಾಯರು. ಮತ್ತೆ ಹಾಡಿದ, ಮತ್ತೆ ನಿಂತ. ಕೊನೆಗೆ ದಸ್ತಗೀರನ ಸೊಲ್ಲನ್ನೂ ತಾನೇ ಹೇಳಿ, ಗಡಬಡಿಸಿ ಮುಗಿಸಿದ. ಗಂಟಲು ಒಣಗಿ ಒಂದು ಕಡೆ ಕೆಮ್ಮಿದ, ಆ ಕೆಮ್ಮೂ ಪ್ಲೇಟಿನಲ್ಲಿ ಕೂತಿತು.

ಆ ಪ್ಲೇಟು ಹೋಗದ ಊರಿಲ್ಲ ಅಂತಾರೆ. ಮದುವೆ ಮನೆಯಲ್ಲಿ ಅದೇ, ಚಹದ ಅಂಗಡಿಯಲ್ಲಿ ಅದೇ. ಸುತ್ತಲಿನ ಭಜನೆಯವರೆಲ್ಲ ಅದನ್ನೇ ಕೇಳಿ ಕಲಿತರು, ಅಷ್ಟೇ ಉದ್ದ, ಅಷ್ಟೇ ಗಡಿಬಿಡಿ. ಕೆಮ್ಮು ಬರುವ ಜಾಗದಲ್ಲಿ ಮೇಳದವರೆಲ್ಲ ಒಟ್ಟಿಗೆ ಕೆಮ್ಮುತ್ತಿದ್ದರಂತೆ, ಅದೂ ತಾಳಕ್ಕೆ ಸರಿಯಾಗಿ. ನಗಬೇಡಿ, ಕಡೆಕಡೆಗೆ ರೇವಪ್ಪನೂ ಅಲ್ಲಿ ಕೆಮ್ಮತೊಡಗಿದ.

ಒಂದು ಸೋಮವಾರ ಅವನು ಹಳೆಯ ರೀತಿಯಲ್ಲಿ ಹೊಸ ಸಾಲು ಕಟ್ಟಲು ಹೋದ. ಕೇಳುತ್ತಿದ್ದವರಲ್ಲಿ ಒಬ್ಬ ಕೈ ಎತ್ತಿ, “ಪ್ಲೇಟಿನ್ಯಾಗ ಹಿಂಗಿಲ್ಲ ನೋಡ್ರಿ,” ಅಂದ. ಅವನ ಹಾಡು ತಪ್ಪಾಗಿದೆ ಅಂತ ಅವನಿಗೇ ಹೇಳಿದರು. ರೇವಪ್ಪ ಬೆಪ್ಪಾಗಿ ಪ್ಲೇಟಿನ ಹಾದಿಗೇ ಮರಳಿದ. ಅವತ್ತು ದಸ್ತಗೀರ ತಾಳ ಕೆಳಗಿಟ್ಟು ಎದ್ದು ಹೋದ. ಮರುವಾರ ಬರಲಿಲ್ಲ. ಆಮೇಲೆಯೂ ಬರಲಿಲ್ಲ.

ರೇವಪ್ಪ ಅವನ ಮನೆಗೆ ಹೋದ.

“ಯಾಕ ಬರವಲ್ಲಿ, ದಸ್ತಗೀರಣ್ಣ? ನನ್ನ ಮ್ಯಾಲೆ ಸಿಟ್ಟೇನು?”

“ಸಿಟ್ಯಾಕಪ್ಪ? ಈಗ ನೀನ ಎತ್ತತಿ, ನೀನ ಮುಗಸ್ತಿ. ನಾ ಎಲ್ಲಿ ಕಾಲಿಡ್ಲಿ ಹೇಳು.”

ರೇವಪ್ಪ ಎದ್ದು ಮನೆಗೆ ಬಂದ. ಊರೂರಿಗೆ ಹೆಸರು ಹೋಗಿದೆ, ಪಕ್ಕದಲ್ಲಿ ಕೂರುತ್ತಿದ್ದವನೇ ಇಲ್ಲ. ಮುಂದೆ ಅವನು ಭಜನೆಗೆ ಹೋಗುತ್ತಿದ್ದ, ಹಾಡುತ್ತಿದ್ದ, ಜನ ಹೊಗಳುತ್ತಿದ್ದರು, ಅವನಿಗೆ ಮಾತ್ರ ಊಟಕ್ಕೆ ಕೂತು ಉಪ್ಪೇ ಮರೆತಂತೆ ಅನಿಸುತ್ತಿತ್ತು.

ರಾಯರು ಎರಡನೆಯ ಪ್ಲೇಟಿಗೆ ಅಂತ ಬಂದರು. ರೇವಪ್ಪ ಅದೇ ಹಾಡು ಮತ್ತೆ ಹಾಡುತ್ತೇನೆ ಅಂದ. ದಸ್ತಗೀರನನ್ನು ಕರೆಯೋಣವೆಂದರೆ ಮುಳ್ಳು ಎಗರುತ್ತದೆ ಅಂದರು ರಾಯರು. ಆಗಲಿ ಅಂತ ರೇವಪ್ಪ ಪೆಟ್ಟಿಗೆಯ ಬಾಯಿಗೆ ಸಾಲು ಎತ್ತಿದ, ಸೊಲ್ಲು ಬಿಟ್ಟ, ಕಣ್ಣು ಮುಚ್ಚಿ ಕೂತ. ಪ್ಲೇಟು ಸುಮ್ಮನೆ ತಿರುಗಿತು. ಮತ್ತೊಂದು ಸಾಲು ಎತ್ತಿದ, ಮತ್ತೆ ಬಿಟ್ಟ. ರಾಯರು ತಲೆ ಮೇಲೆ ಕೈ ಹೊತ್ತು ಕೂತರು.

“ಖಾಲಿ ಪ್ಲೇಟು ಯಾರು ತಗೋತಾರೋ, ರೇವಪ್ಪ?”

“ಖಾಲಿ ಅಲ್ರಿ ಅದು. ದಸ್ತಗೀರನ ಜಾಗ.”

ಕಂಪನಿಯವರು ಅದನ್ನು ಮಾರಲೇ ಇಲ್ಲ. ಆದರೂ ರಾಯರು ಒಂದು ಪ್ಲೇಟು ಮಾಡಿಸಿ, ಪೆಟ್ಟಿಗೆಯ ಸಮೇತ ಊರಿಗೆ ತಂದು ಕೊಟ್ಟರು. ಅವರಿಗೂ ಏನೋ ಚುಚ್ಚಿರಬೇಕು ಅಂತ ನನ್ನ ಎಣಿಕೆ.

ಸೋಮವಾರ ಸಂಜೆ ಮಠದಲ್ಲಿ ಪ್ಲೇಟು ಹಚ್ಚಿದರು. ದಸ್ತಗೀರ ಬಂದ, ಒಳಗೆ ಬರಲಿಲ್ಲ, ಬೇವಿನ ಮರದ ಕೆಳಗೇ ಕೂತ. ‘ಅಂಗಳಕ ಬಂದ ಸಂಗಾತೀನ’ ಅಂತು ಪೆಟ್ಟಿಗೆ, ಮತ್ತೆ ಸುಮ್ಮನಾಯಿತು. ಮುಳ್ಳಿನ ಕಿರಕಿರ ಬಿಟ್ಟು ಏನೂ ಇಲ್ಲ. ಪ್ಲೇಟು ಕೆಟ್ಟಿದೆ ಅಂತ ಒಬ್ಬ ಎದ್ದು ಹೋಗಿ ಮುಳ್ಳು ಎತ್ತಲು ನೋಡಿದ. ರೇವಪ್ಪ ಅವನ ಕೈ ಹಿಡಿದ, ಅಂಗಳದ ಕಡೆ ನೋಡಿದ. ಆಗ ಮರದ ಕೆಳಗಿನಿಂದ ಬಂತು ನೋಡಿ ಆ ದನಿ. ‘ಒಳಗ ಕರಿಯವ್ವ.’ ಮಠದ ಹೆಂಚು ಅದುರಿದವು ಅಂತಾರೆ. ಹೆಂಚಿನ ಮಾತು ನನಗೆ ಗೊತ್ತಿಲ್ಲ. ರೇವಪ್ಪ ಎದ್ದು ಹೋಗಿ ಅವನನ್ನು ಕೈಹಿಡಿದು ಒಳಗೆ ಕರೆತಂದದ್ದು ಮಾತ್ರ ಖರೆ, ನಮ್ಮಜ್ಜಿಯ ತಾಯಿ ಕಣ್ಣಾರೆ ಕಂಡದ್ದು. ಅಂದಿನಿಂದ ಭಜನೆಯಲ್ಲಿ ಯಾರೂ ಪ್ಲೇಟಿನ ಮಾತೆತ್ತಲಿಲ್ಲ, ಕೆಮ್ಮೂ ಹೋಯಿತು.

ರೇವಪ್ಪ ಮೊದಲು ಹೋದ. ಅವನನ್ನು ಮಣ್ಣು ಮಾಡಿ ಬಂದ ಸಂಜೆ ದಸ್ತಗೀರ ಪ್ಲೇಟು ಹಚ್ಚಿಕೊಂಡು ಕೂತ. ಪ್ರತಿ ಜಾಗದಲ್ಲೂ ತನ್ನ ಸೊಲ್ಲು ಹೇಳಿದ, ಒಂದನ್ನೂ ಬಿಡಲಿಲ್ಲ. ಪೆಟ್ಟಿಗೆಯನ್ನು ಬೈಯುವವರಿಗೆ ನಾನು ಈ ಮಾತು ಹೇಳುತ್ತೇನೆ. ಸತ್ತ ಗೆಳೆಯನ ಜೊತೆ ಅವನು ಹಾಡಿದ್ದು ಅದರಿಂದಲೇ. ದಸ್ತಗೀರನೂ ಹೋದ ಮೇಲೆ ಆ ಜಾಗದ ಸೊಲ್ಲು ಊರಿನವರ ಪಾಲಿಗೆ ಬಂತು.

ಈಗ ಪ್ಲೇಟು ಸವೆದಿದೆ. ಪಟ್ಟಣದ ಯಾರೋ ಪುಣ್ಯಾತ್ಮರು ಆ ಹಾಡನ್ನು ಮೊಬೈಲಿಗೆ ಏರಿಸಿದ್ದಾರೆ. ಏರಿಸುವಾಗ ಕಿರಕಿರ ತೆಗೆದರಂತೆ, ಹಾಗೆಯೇ ಖಾಲಿ ಜಾಗಗಳನ್ನೂ ಕತ್ತರಿಸಿ ಒಂದಕ್ಕೊಂದು ಜೋಡಿಸಿದರಂತೆ. ನಮ್ಮ ಜನ ಅವರನ್ನು ಬೈಯಲಿಲ್ಲ, ಜಗಳಕ್ಕೆ ಹೋಗಲಿಲ್ಲ. ನೀವೇ ನೋಡಿ, ಕಳೆ ತೆಗೆಯುವ ಹೆಣ್ಣುಮಕ್ಕಳಿರಲಿ, ಟ್ರ್ಯಾಕ್ಟರ್ ಹೊಡೆಯುವ ಹುಡುಗರಿರಲಿ, ಒಂದು ಸಾಲು ಆಗುತ್ತಲೇ ಹೆಬ್ಬೆರಳಿಂದ ಒತ್ತಿ ಮೊಬೈಲು ನಿಲ್ಲಿಸುತ್ತಾರೆ. ತಮಗೆ ಬಂದ ದನಿಯಲ್ಲಿ ‘ಒಳಗ ಕರಿಯವ್ವ’ ಅಂತಾರೆ. ಆಮೇಲೆ ಮತ್ತೆ ಒತ್ತಿ, ರೇವಪ್ಪನನ್ನು ಮುಂದಕ್ಕೆ ಹಾಡಗೊಡುತ್ತಾರೆ.