ಅಧ್ಯಕ್ಷರ ಗ್ಲೌಸು

‘ನಮ್ಮ ಬೀದಿ ನಾವೇ ಚೊಕ್ಕ ಮಾಡೋಣ’ ಎಂದು ನಗರಸಭೆಯವರು ಸಾರಿದರು. ದೇವರು ಮೆಚ್ಚುವ ಮಾತೇ.

ಬೀದಿ ಗುಡಿಸುವ ಚೌಡಮ್ಮನ ಬೆರಳೆಲ್ಲ ಹುಣ್ಣು. ಆರು ತಿಂಗಳಿಂದ ಗ್ಲೌಸು ಕೇಳುತ್ತಿದ್ದಳು. ಅಂದೂ ಕೇಳಿದ್ದಕ್ಕೆ ಮೇಸ್ತ್ರಿ ಗದರಿದ: “ಅಧ್ಯಕ್ಷರು ಗುಡಿಸೋ ಫೋಟೊ ತೆಗೀಬೇಕು. ಬೀದಿ ಚೊಕ್ಕವಾಗಿದೆ. ಒಂದು ಬುಟ್ಟಿ ಕಸ ತಂದು ಚೆಲ್ಲು, ಇಲ್ಲಾಂದ್ರೆ ನಾಳೆಯಿಂದ ಬರಬೇಡ.”

ಅವಳು ಚರಂಡಿಯ ಹೂಳನ್ನೇ ತಂದು ಸುರಿದಳು.

ಜೀಪಿನಿಂದಿಳಿದ ಅಧ್ಯಕ್ಷರು ಮೂಗು ಮುಚ್ಚಿಕೊಂಡರು. “ಇದನ್ನ ಬರಿಗೈಲಿ ಯಾರ್ರೀ ಮುಟ್ತಾರೆ?”

ಐದೇ ನಿಮಿಷದಲ್ಲಿ ಹೊಸ ಗ್ಲೌಸು ಬಂತು. ಫೋಟೊ ಆಯಿತು. ನಾವು ಬೀದಿಯವರು ಚಪ್ಪಾಳೆ ತಟ್ಟಿದೆವು. ಮೇಸ್ತ್ರಿ ಗ್ಲೌಸನ್ನು ಜೀಪಿಗೆ ಹಾಕಹೋದ.

“ಅಯ್ಯೋ ಸ್ವಾಮೀ, ಚರಂಡಿ ಮುಟ್ಟಿದ್ದು! ಅಧ್ಯಕ್ಷರ ಜೀಪಿನಲ್ಲಿ ಇಡ್ತೀರಾ?” ಎಂದಳು ಚೌಡಮ್ಮ.

“ಥೂ, ಬಿಸಾಕು ಅತ್ಲಾಗೆ!” ಎಂದರು ಅಧ್ಯಕ್ಷರು.

ಮೇಸ್ತ್ರಿ ಎಸೆದದ್ದನ್ನು ಚೌಡಮ್ಮ ಆಯ್ದುಕೊಂಡು ತೊಟ್ಟಳು. ಅವಳನ್ನು ತಡೆಯುವುದಕ್ಕೂ ನಮ್ಮಲ್ಲಿ ಯಾರೂ ಹತ್ತಿರ ಹೋಗಲಿಲ್ಲ.