ಹಿರಿಮಗಳ ಊರು ಮೊದಲು

"ಗುರುಗಳೇ, ನಾನು ಬರೆದ ಪ್ರೋಗ್ರಾಮ್ ಬಾಣ ತೋರಿದ ಕಡೆಗೇ ಹೋಗುತ್ತದೆ, ಎಲ್ಲಿಯೂ ನಿಯಮ ಮೀರುವುದಿಲ್ಲ. ಆದರೂ ನಕ್ಷೆಯ ಎಲ್ಲ ಬಿಂದುಗಳನ್ನು ಮುಟ್ಟದೆ ಮೂರೇ ಬಿಂದುಗಳ ನಡುವೆ ತಿರುಗುತ್ತಿರುತ್ತದೆ. ನಿಯಮ ಪಾಲಿಸುವುದರಲ್ಲಿ ತಪ್ಪೇನು ಬಂತು?" ಎಂದು ಶಿಷ್ಯ ಕೇಳಿದ.

ಗುರು ಕಂಪ್ಯೂಟರಿನ ಪರದೆಯತ್ತ ನೋಡಲಿಲ್ಲ. ಒಂದು ಕತೆ ಹೇಳಿದರು.

ಒಂದು ಸೀಮೆಯಲ್ಲಿ ಸುದ್ದಿ ಹೋಗುವುದಕ್ಕೆ ಒಂದೇ ದಿಕ್ಕು. ಹೆಣ್ಣು ಕೊಟ್ಟ ಊರು ಹೆಣ್ಣು ತಂದುಕೊಂಡ ಊರಿಗೆ ತಿಳಿಸಬೇಕು. ಇಬ್ಬರು ಹೆಣ್ಣುಮಕ್ಕಳಿದ್ದರೆ ಹಿರಿಯಳ ಊರು ಮೊದಲು. ಅವಳ ಕಡೆಯ ಊರುಗಳೆಲ್ಲ ಮುಗಿದ ಮೇಲೆಯೇ ಕಿರಿಯಳ ಊರು. ಇದರಲ್ಲಿ ಹೆಚ್ಚುಕಮ್ಮಿಯಾದರೆ ಬೀಗರು ಮುನಿಯುತ್ತಾರೆ. ಬೀಗರ ಮುನಿಸು ಗೊತ್ತಲ್ಲ, ತಲೆಮಾರು ಕಳೆದರೂ ಆರುವುದಿಲ್ಲ.

ಅಲ್ಲೊಬ್ಬ ತಳವಾರನಿದ್ದ. ಊರು ಕಾಯುವುದು, ಸುದ್ದಿ ಒಯ್ಯುವುದು ಅವನ ಕೆಲಸ. ಒಂದು ಮುಂಜಾನೆ ಕೆರೆಯ ಏರಿ ಬಿರುಕು ಬಿಟ್ಟಿತು. ಗೌಡ ಅವನನ್ನು ಕರೆದು, ತನ್ನ ಹೆಣ್ಣುಮಕ್ಕಳ ಊರುಗಳಿಗೆ ತಿಳಿಸಿ ಬಾ ಎಂದ. ಹಿರಿಮಗಳ ಊರು ದಿಣ್ಣೆಯ ಮೇಲಿತ್ತು. ಏರಿ ಒಡೆದರೆ ನೀರು ಮೊದಲು ನುಗ್ಗುವುದು ಕಿರಿಮಗಳ ಊರಿಗೆ. ಆ ಹುಡುಗಿಯನ್ನು ತಳವಾರ ಹೆಗಲ ಮೇಲೆ ಹೊತ್ತು ಆಡಿಸಿದ್ದ. ಕರುಳು ಅತ್ತಲೇ ಎಳೆಯಿತು. ಆದರೂ ಪದ್ಧತಿಯಂತೆ ದಿಣ್ಣೆ ಹತ್ತಿದ.

ಅಲ್ಲಿಯವರು ಸುದ್ದಿ ಕೇಳಿದರು, ಮಜ್ಜಿಗೆ ಕೊಟ್ಟರು, ತಾವು ಹೆಣ್ಣು ಕೊಟ್ಟ ಊರಿಗೆ ಅಟ್ಟಿದರು. ಆ ಊರಿನವರು ಹೆಣ್ಣು ಕೊಟ್ಟಿದ್ದು ತಳವಾರನ ಊರಿಗೇ. ಹಾಗಾಗಿ ಅವನು ತನ್ನೂರಿನ ಸುದ್ದಿಯನ್ನು ತನ್ನೂರಿಗೇ ಹೊತ್ತು ತಂದ. ಬಂದ ಸುದ್ದಿ ಹಳೆಯದೋ ಹೊಸದೋ ಎಂದು ಕೇಳುವ ಪದ್ಧತಿ ಅಲ್ಲಿರಲಿಲ್ಲ. ಬಂದರೆ ಮುಂದಕ್ಕೆ ಕಳಿಸಬೇಕು, ಹಿರಿಮಗಳಿಂದಲೇ ಶುರು. ತಳವಾರ ಮತ್ತೆ ದಿಣ್ಣೆ ಹತ್ತಿದ. ಗಾಣದ ಎತ್ತಿಗಾದರೂ ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರೆ. ಇವನು ಕಣ್ಣು ಬಿಟ್ಟುಕೊಂಡೇ ಸುತ್ತಿದ.

ಬಿಸಿಲು ಇಳಿಯುವ ಹೊತ್ತಿಗೆ ಪುನಃ ಬಾಗಿಲಿಗೆ ಬಂದವನನ್ನು ಕಂಡು ಹಿರಿಮಗಳಿಗೆ ಸಿಟ್ಟು ಬಂತು.

"ನಂಗೆ ಬೆಳಿಗ್ಗೇನೇ ಹೇಳಿ ಹೋದ್ಯಲ್ಲ. ತಂಗಿಗೆ ಹೇಳಿದ್ಯಾ?"

"ಮೊದ್ಲು ನಿಮ್ಮ ಕಡೆ ಮುಗೀಬೇಕು ತಾಯಿ. ಅದು ಮುಗೀತಾನೇ ಇಲ್ಲ."

ಅವಳು ಹೊಂಗೆ ಸೊಪ್ಪು ಮುರಿದು ತನ್ನ ಮನೆಯ ಸೂರಿಗೆ ಸಿಕ್ಕಿಸಿದಳು. "ಹೇಳಿ ಆದ ಮನೆಗೆ ಹಿಂಗೆ ಸೊಪ್ಪು ಸಿಕ್ಸು. ಸೊಪ್ಪು ಕಂಡ ಮನೆಗೆ ಮತ್ತೆ ಹೋಗ್ಬೇಡ. ಬಂದ ದಾರೀಲೇ ವಾಪಸ್ ಹೋಗಿ, ಬಿಟ್ಟ ದಾರಿ ಹಿಡಿ."

ಬೀಗರ ಮನೆಯ ಹೊಸ್ತಿಲಿನಿಂದ ಮಜ್ಜಿಗೆ ಕುಡಿಯದೆ ತಿರುಗಿದ್ದು ಅವನ ಜನ್ಮದಲ್ಲಿ ಅದೇ ಮೊದಲು. ಅವನಿಗೆ ನಾಚಿಕೆಯಾಯಿತು. ಆದರೂ ಓಡಿದ.

ಶಿಷ್ಯನ ಮುಖ ಅರಳಿತು. "ತಿಳಿಯಿತು ಗುರುಗಳೇ. ಮುಟ್ಟಿದ ಬಿಂದುವಿಗೆ ಗುರುತು ಹಾಕಬೇಕು, ಗುರುತು ಕಂಡರೆ ಹಿಂದಿರುಗಬೇಕು. ಒಂದೆರಡು ಸಾಲು ಸೇರಿಸಿದರೆ ಆಯಿತು." ಕೀಲಿಮಣೆಯತ್ತ ಕೈ ಚಾಚಿದವನು ತಡೆದು ಕೇಳಿದ: "ಅವನು ಕಿರಿಮಗಳ ಊರು ಮುಟ್ಟಿದನೇ?"

"ಮುಟ್ಟಿದ," ಎಂದರು ಗುರು. "ಅವನಿಗಿಂತ ಮೊದಲು ನೀರು ಮುಟ್ಟಿತ್ತು."