ಹಂಗಿಲ್ಲದ ಬಾವಿ

“ಮೇಷ್ಟ್ರೇ, ಒಂದು ಕ್ಲಾಸು ತನಗೆ ಬೇಕಾದದ್ದನ್ನು ತಾನೇ ಮಾಡಿಕೊಂಡರೆ ತಪ್ಪೇನು? ಹೊರಗಿನಿಂದಲೇ ಯಾಕೆ ಕೊಡಬೇಕು?” ಎಂದು ಚನ್ನವೀರ ತನಗೆ ಪ್ರೋಗ್ರಾಮು ಬರೆಯುವುದನ್ನು ಕಲಿಸಿದ್ದ ಮೇಷ್ಟ್ರನ್ನು ಕೇಳಿದ.

ಅವನ ಆಫೀಸಿನಲ್ಲಿ ಸಾಮಾನಿಗೆ ಆರ್ಡರು ಬಂದಾಗ, ಸಾಮಾನು ಕಟ್ಟಿದಾಗ, ಕಳಿಸಿದಾಗ ಮಾಡಬೇಕಾದ್ದೆಲ್ಲ ಒಂದೇ ಪ್ರೋಗ್ರಾಮಿನಲ್ಲಿ ಗೋಜಲಾಗಿತ್ತು. ಅವನು ಅದನ್ನು ಒಡೆದು ಸ್ಥಿತಿಗೊಂದು ಕ್ಲಾಸು, ಅಂದರೆ ಪ್ರೋಗ್ರಾಮಿನ ಒಂದು ಬೇರೆ ತುಂಡು, ಮಾಡಿಸಿದ್ದ. ಮಾಹಿತಿ ಕೂಡಿಟ್ಟ ಡೇಟಾಬೇಸಿನ ಸಂಪರ್ಕವನ್ನು ಪ್ರತಿ ಕ್ಲಾಸೂ ಹೊರಗಿನಿಂದ ಪಡೆಯದೆ ತನ್ನೊಳಗೇ ಕಟ್ಟಿಕೊಳ್ಳಬೇಕೆಂದು ನಿಯಮವನ್ನೂ ಹಾಕಿದ್ದ. ಅವನ ಕೈಕೆಳಗೆ ಕೆಲಸ ಮಾಡುವ ಸುಭದ್ರ ಬರೆದ ಕ್ಲಾಸು ಕೈಕೊಟ್ಟಿತು. “ನಿನಗೆ ಕೆಲಸವೇ ಬರುವುದಿಲ್ಲ” ಎಂದು ನಿನ್ನೆ ಎಲ್ಲರೆದುರು ಅವಳಿಗೆ ಹೇಳಿದ್ದ. ಇವತ್ತು ಅವಳು ಬಂದಿರಲಿಲ್ಲ. ಇದನ್ನೂ ಅವನು ಮೇಷ್ಟ್ರಿಗೆ ಹೇಳಿದ, ಸ್ವಲ್ಪ ಜಂಬದಿಂದಲೇ.

ಮೇಷ್ಟ್ರು ಕತೆ ಹೇಳಿದರು.

ಒಬ್ಬ ಬಣ್ಣಗಾರನಿದ್ದ. ನೂಲು ಬೇಯಿಸುವುದು, ಬಣ್ಣದಲ್ಲಿ ಅದ್ದುವುದು, ತೊಳೆದು ಒಣಗಿಸುವುದು, ಮೂರನ್ನೂ ಒಬ್ಬನೇ ಮಾಡುತ್ತಿದ್ದ. ಕೆಲಸ ಹೆಚ್ಚಾಯಿತು. ಮೂವರಿಗೆ ಹಂಚಿ, ಮೂರು ಮನೆ ಕಟ್ಟಿಸಿಕೊಟ್ಟ. ಅಲ್ಲಿಗೇ ಸುಮ್ಮನಿದ್ದರೆ ಚೆನ್ನಾಗಿತ್ತು. ಯಾರ ಹಂಗೂ ಯಾರಿಗೂ ಬೇಡವೆಂದು ಪ್ರತಿ ಮನೆಯೊಳಗೂ ಒಂದೊಂದು ಬಾವಿ ತೋಡಿಸಿದ. ಹೊರಗಿನ ನೀರು ಒಂದು ಹನಿಯೂ ಒಳಗೆ ಹೋಗಕೂಡದೆಂದು ಕಟ್ಟಳೆ ಮಾಡಿದ.

ನೂಲು ಅದ್ದುವ ಕೆಲಸ ಒಬ್ಬ ಹೆಂಗಸಿನದು. ಅವಳ ಮನೆಯಿಂದ ಬಂದ ಕೆಂಪು ಮಚ್ಚೆಮಚ್ಚೆಯಾಗಿತ್ತು. ಬಣ್ಣಗಾರ ನೇಕಾರರೆಲ್ಲರ ಮುಂದೆ ಅವಳ ಕೈ ಕೆಟ್ಟಿದೆಯೆಂದು ಹೇಳಿ ಅವಳನ್ನು ಕೆಲಸದಿಂದ ಕಳಿಸಿಬಿಟ್ಟ. ಅವಳ ಜಾಗಕ್ಕೆ ಇನ್ನೊಬ್ಬನನ್ನು ತಂದ. ಅವನ ಕೆಂಪಿನಲ್ಲೂ ಅದೇ ಮಚ್ಚೆ. ಆಗ ಬಣ್ಣಗಾರ ಕೆರೆಯಿಂದ ಎರಡು ಕೊಡ ನೀರು ತಾನೇ ಹೊತ್ತು ತಂದು ಕೊಟ್ಟ. ಅದೇ ಮನೆ, ಅದೇ ಹಂಡೆ, ಅದೇ ಬಣ್ಣ. ಕೆಂಪು ಸಮನಾಗಿ ಹಿಡಿಯಿತು. ಕೆಟ್ಟಿದ್ದದ್ದು ಬಾವಿಯ ನೀರು.

ಅವತ್ತಿನಿಂದ ಮೂರು ಮನೆಗೂ ಕೆರೆಯ ನೀರು ಹೊರಗಿನಿಂದ ಹೋಯಿತು. ನೀರು ಬದಲಿಸಬೇಕಾದರೆ ಮನೆ ಒಡೆಯುವ ಗೋಜಿರಲಿಲ್ಲ. ಅದು ಸುಲಭದ ಕೆಲಸ. ಕಷ್ಟದ್ದು ಇನ್ನೊಂದು ಉಳಿದಿತ್ತು. ಬಣ್ಣಗಾರ ತಾನು ಕಳಿಸಿಬಿಟ್ಟಿದ್ದ ಹೆಂಗಸಿನ ಮನೆ ಬಾಗಿಲಿಗೆ ಹೋದ. ಅವಳೇ ಮೊದಲು ಮಾತಾಡಿದಳು.

“ಯಜಮಾನರೇ, ನೀರಿನ ಮೇಲೆ ನನಗೆ ಅವತ್ತೇ ಅನುಮಾನವಿತ್ತು. ಬೇರೆ ನೀರು ತಂದು ನೋಡೋಣವೆಂದರೆ ನಿಮ್ಮ ಕಟ್ಟಳೆ ಅಡ್ಡವಿತ್ತು. ಕೈ ಕೆಟ್ಟಿದೆ ಅಂತ ಊರಿಗೆಲ್ಲ ಹೇಳಿದಿರಿ. ಕಟ್ಟಳೆ ಯಾರದು ಅಂತ ಹೇಳಿದಿರಾ?”



ಮೇಷ್ಟ್ರು ಅಷ್ಟಕ್ಕೇ ನಿಲ್ಲಿಸಿದರು. ನಿನ್ನೆ ಅಷ್ಟು ಜನರ ನಡುವೆ ಸುಭದ್ರ ಚೀಲ ಎತ್ತಿಕೊಂಡು ಹೊರಟದ್ದು ನೆನಪಾಗಿ, ತಾನು ಎಂಥ ಮನುಷ್ಯನೆಂದು ಚನ್ನವೀರನಿಗೇ ಅಸಹ್ಯವಾಯಿತು. ಏನಾದರೂ ಕೇಳಬೇಕಲ್ಲ ಎಂದು ಕೇಳಿದ.

“ಆಮೇಲೆ ಅವಳು ಕೆಲಸಕ್ಕೆ ವಾಪಸು ಬಂದಳೇ, ಮೇಷ್ಟ್ರೇ?”

“ಅದನ್ನು ನಾಳೆ ಸುಭದ್ರಳ ಮನೆಗೆ ಹೋಗಿ ಕೇಳಿಕೊಂಡು ಬಾ.”